ಸೋಯಾ ಹಾಲಿನ ಹೊತ್ತು

ಸೋಯಾ ಉಂಡೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದ ಮೇಲೆ ಬೊಗಸೆಗೆ ತೆಗೆದುಕೊಂಡು ಚೆನ್ನಾಗಿ ಹಿಂಡಬೇಕು ಎಂಬ ಮಹತ್ವದ ಸಂಗತಿಯನ್ನು ಪೊಟ್ಟಣದ ಬೆನ್ನಿನ ಮೇಲೆ, ಇರುವೆ ಸಾಲಿಗಿಂತ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಅಡಿಟಿಪ್ಪಣಿಯನ್ನು ಓದದೆ ಪದ್ಯಕ್ಕೆ ಅರ್ಥ ಹೇಳಹೊರಡುವುದು ಅವಿವೇಕವೆಂದು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದಷ್ಟು ಕಾಲವೂ ವಿದ್ಯಾರ್ಥಿಗಳ ತಲೆ ತಿಂದು ನಿವೃತ್ತಳಾದ ನಾನು ಆ ಸಾಲನ್ನು ಓದಲಿಲ್ಲ. ಹೀಗಾಗಿ ನಮ್ಮ ಮನೆಯ ಮೊದಲ ಸೋಯಾ ಪಲ್ಯದ ಮೊದಲ ತುಂಡನ್ನು ನಮ್ಮವರು ಕಚ್ಚಿದೊಡನೆ, ಅದರ ಗರ್ಭದಲ್ಲಿ ಅಡಗಿದ್ದ ಬಿಸಿನೀರು ಚಿಮ್ಮಿ ಅವರ ಬಿಳಿ ಅಂಗಿಯ ಮೇಲೂ, ಎದುರು ಕೂತು ಫಲಿತಾಂಶಕ್ಕಾಗಿ ಕಾಯುತ್ತಿದ್ದ ನನ್ನ ಕನ್ನಡಕದ ಮೇಲೂ ಬಿತ್ತು.

"ಮಾರಾಯ್ತಿ, ಇದು ಊಟವೋ ಪಿಚಕಾರಿಯೋ?" ಎಂದರು ಅವರು.

ನನಗೆ ಸಿಟ್ಟು ಬರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಆಡಿದ ಮೊದಲ ತಮಾಷೆಯ ಮಾತು ಅದು.

ಹಾಗೆ ನೋಡಿದರೆ ಸೋಯಾ ನಮ್ಮ ಮನೆಗೆ ಅಪರಿಚಿತವೇನಲ್ಲ. ನಮ್ಮವರು, ಅಂದರೆ ನನ್ನ ಯಜಮಾನರಾದ ಚಂದ್ರಶೇಖರಪ್ಪನವರು, ಶಿವಮೊಗ್ಗದ ಆಲ್ಕೊಳದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದವರು. ಮೆಕ್ಕೆಜೋಳ, ಭತ್ತಗಳ ಚೀಲಗಳ ನಡುವೆ ಸೋಯಾ ಅವರೆಯ ಬೀಜದ ಚೀಲವೂ ಒಂದು ಮೂಲೆಯಲ್ಲಿ ಇರುತ್ತಿತ್ತು. ಅದನ್ನು ಯಾವ ಮಣ್ಣಿಗೆ ಹಾಕಬೇಕು, ಎಷ್ಟು ಅಂತರದಲ್ಲಿ ಬಿತ್ತಬೇಕು ಎಂದು ಅವರು ರೈತರಿಗೆ ಹೇಳುವುದನ್ನು ಕೇಳಿದರೆ ಸೋಯಾದ ಸಾಕ್ಷಾತ್ ಸೋದರಮಾವನೇ ಮಾತಾಡುತ್ತಿದ್ದಾನೇನೋ ಎನ್ನಿಸುತ್ತಿತ್ತು. ಆದರೆ ಅದನ್ನು ಬಾಯಿಗೆ ಹಾಕಿಕೊಳ್ಳಬಹುದು ಎಂಬ ವಿಚಾರ ಅವರಿಗೂ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ. ಅಂಗಡಿಯನ್ನು ತಮ್ಮನ ಕೈಗೊಪ್ಪಿಸಿ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಅವರು ನೆಮ್ಮದಿಯಾಗಿ ಪೇಪರ್ ಓದಿಕೊಂಡಿದ್ದರು. ಬೆಣ್ಣೆ ಕಾಯಿಸಿದ ತುಪ್ಪ, ಹಬ್ಬಕ್ಕೊಂದು ಹೋಳಿಗೆ, ಹಬ್ಬವಿಲ್ಲದ ದಿನ ಹಬ್ಬದ ನೆನಪಿಗೆಂದು ಒಂದು ಬೋಂಡಾ. ನಮ್ಮ ಆಹಾರನೀತಿ ಇಷ್ಟು ಸರಳವಾಗಿತ್ತು.

ಕಳೆದ ವರ್ಷ ಒಂದು ಬೆಳಿಗ್ಗೆ ತಮ್ಮನನ್ನು ನೋಡಲು ಅಂಗಡಿಗೆ ಹೋದವರು, ಹಳೆಯ ಅಭ್ಯಾಸಬಲದಿಂದ ಒಂದು ಗೊಬ್ಬರದ ಚೀಲವನ್ನು ಎಳೆಯಹೋಗಿ, ಎದೆ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟರು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಂಜಿಯೋಗ್ರಾಂ ಆಗಿತ್ತು. ಹೃದಯದ ಒಂದು ರಕ್ತನಾಳ ಮುಕ್ಕಾಲು ಪಾಲು ಕಟ್ಟಿಕೊಂಡಿದೆಯೆಂದು ಹೇಳಿ ಸ್ಟೆಂಟ್ ಹಾಕಿದರು. ಹೃದಯದ ಡಾಕ್ಟರು ನನ್ನ ಶಿಷ್ಯರ ವಯಸ್ಸಿನವರು, ಸಮಾಧಾನದ ಮನುಷ್ಯ. ಬಿಡುಗಡೆಯ ದಿನ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ರಕ್ತನಾಳದ ಒಳಮೈ ಎಷ್ಟು ನಯವಾಗಿರಬೇಕು, ಬೇಕಾದಾಗ ಹಿಗ್ಗುವಷ್ಟು ಮೆದುವಾಗಿರಬೇಕು, ಕೊಬ್ಬು ಕೂತು ಕೂತು ಅದು ಹೇಗೆ ಗಡುಸಾಗುತ್ತದೆ ಎಂಬುದನ್ನೆಲ್ಲ ಚಿತ್ರ ಬರೆದು ತೋರಿಸಿದರು. ಮಾತ್ರೆ ಯಾವ ಕಾರಣಕ್ಕೂ ಬಿಡಬಾರದು, ದಿನಾ ನಡೆಯಬೇಕು, ತುಪ್ಪ-ಕರಿದದ್ದು ಕಡಿಮೆ ಮಾಡಬೇಕು, ಬೇಳೆಕಾಳು, ತರಕಾರಿ ಜಾಸ್ತಿ ತಿನ್ನಬೇಕು ಎಂದು ಹೇಳಿ ಕೊನೆಯಲ್ಲಿ, "ಸೋಯಾ ಪದಾರ್ಥ ಕೂಡಾ ಒಳ್ಳೇದೇ. ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತೆ, ರಕ್ತನಾಳಕ್ಕೂ ಸಹಾಯ ಆಗಬಹುದು. ಆದರೆ ಅದು ಊಟ ಅಮ್ಮ, ಔಷಧಿ ಅಲ್ಲ" ಎಂದರು.

ಇಡೀ ಉಪನ್ಯಾಸದಲ್ಲಿ ನನ್ನ ಕಿವಿಗೆ ಬಿದ್ದದ್ದು 'ಸೋಯಾ' ಒಂದೇ. ಪದ್ಯದಲ್ಲಿ ಒಂದು ಶಬ್ದವನ್ನು ಹಿಡಿದುಕೊಂಡು ಇಡೀ ಪಿರಿಯಡ್ ಎಳೆಯುವುದು ನನ್ನ ವೃತ್ತಿಯ ರೋಗ. ಗಂಡನ ಪ್ರಾಣದ ವಿಷಯದಲ್ಲೂ ಆ ಚಾಳಿ ನನ್ನನ್ನು ಬಿಡಲಿಲ್ಲ. ಮಾತ್ರೆ ಕೊಡುವುದು ಡಾಕ್ಟರ ಕೆಲಸ, ನಡೆಯುವುದು ನಮ್ಮವರ ಕೆಲಸ. ನನ್ನ ಪಾಲಿಗೆ ಉಳಿದದ್ದು ಸೋಯಾ ಒಂದೇ ಎಂಬಂತೆ ಅದನ್ನು ಅಪ್ಪಿಕೊಂಡೆ.

ಪಿಚಕಾರಿ ಪ್ರಸಂಗದ ಸುದ್ದಿ ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ನನ್ನ ಅಕ್ಕ ಸರೋಜಳಿಗೆ ಫೋನಿನಲ್ಲಿ ಮುಟ್ಟಿತು. ಭಾವ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಷ್ಟು ಕಾಲ ಅವಳು ಕ್ವಾರ್ಟರ್ಸ್‌ನಲ್ಲಿ ಬಾಳಿದವಳು. ಎಡಗಡೆಯ ಮನೆಯವರದು ತಮಿಳು, ಬಲಗಡೆಯವರದು ತೆಲುಗು; ಅಕ್ಕ ಎರಡೂ ಭಾಷೆಯನ್ನು ಅಡುಗೆಯ ಮೂಲಕವೇ ಕಲಿತಳು. ಸೋಯಾ ಉಂಡೆ ಅವಳ ಬಾಯಲ್ಲಿ ಇವತ್ತಿಗೂ ಅಲ್ಲಿನವರು ಕರೆಯುವ ಹಾಗೆ 'ಮೀಲ್ ಮೇಕರ್'. ಮರುದಿನವೇ ಬಸ್ಸು ಹತ್ತಿ ಬಂದವಳು, ನನ್ನನ್ನು ಒಲೆಯ ಮುಂದಿನಿಂದ ಪಕ್ಕಕ್ಕೆ ಸರಿಸಿ, ಉಂಡೆಗಳನ್ನು ಬಟ್ಟೆ ಹಿಂಡಿದಂತೆ ಹಿಂಡಿ, ಧನಿಯ, ಚಕ್ಕೆ, ಲವಂಗ, ಈರುಳ್ಳಿ ಹುರಿದು ಅರೆದ ಮಸಾಲೆಯಲ್ಲಿ ಕುದಿಸಿದಳು. ಮನೆ ತುಂಬ ಘಮ. ಹಣೆಗೆ ವಿಭೂತಿ ಇಟ್ಟುಕೊಂಡು ಪೂಜೆ ಮುಗಿಸಿ ಊಟಕ್ಕೆ ಬಂದ ನಮ್ಮವರು ತಟ್ಟೆ ನೋಡಿದವರೇ ಒಂದು ಹೆಜ್ಜೆ ಹಿಂದೆ ಸರಿದರು. ಕಂದು ಬಣ್ಣ, ನಾರುನಾರಾದ ಮೈ, ಮೇಲೆ ತೇಲುವ ಕೆಂಪು ರಸ.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಇದು ನೋಡೋಕೆ ಆ ಥರ ಕಾಣ್ತಿದೆ. ನಂಗೆ ಬೇಡ."

"ಯಾವ ಥರ?" ಎಂದಳು ಅಕ್ಕ, ಗೊತ್ತಿದ್ದೂ.

"ಅದೇ... ಮಾಂಸದ ಥರ."

"ನಿಮ್ಮ ಅಂಗಡೀಲಿ ಮೂಟೆಗಟ್ಟಲೆ ಮಾರಿದ್ರಲ್ಲ, ಆ ಕಾಳೇ ಇದು. ಆವಾಗ ಮಾಂಸ ಮಾರಿದ್ರಾ?"

ಅವರು ಉತ್ತರ ಹುಡುಕುತ್ತಲೇ ಕುಳಿತು, ಹುಡುಕುತ್ತಲೇ ಒಂದು ತುಂಡು ಬಾಯಿಗಿಟ್ಟು, ಆಮೇಲೆ ಉತ್ತರವನ್ನು ಮರೆತು ಎರಡನೇ ಸಲ ಬಡಿಸಿಕೊಂಡರು.

ಈ ವಿಜಯದಿಂದ ನನ್ನ ತಲೆ ತಿರುಗಿತು. ಉಂಡೆಯಿಂದ ಕಾಳಿಗೆ, ಕಾಳಿನಿಂದ ಹಾಲಿಗೆ ಮುಂದುವರಿದೆ. ಸೋಯಾ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಸಿ ವಾಸನೆ ಹೋಗುವವರೆಗೆ ಕುದಿಸುವುದು ಒಂದು ತಪಸ್ಸು. ಹಸಿ ವಾಸನೆ ಪೂರ್ತಿ ಹೋಗುತ್ತದೆಂದು ನಾನು ಹೇಳಲಾರೆ. ಮೊದಲ ದಿನ ಲೋಟವನ್ನು ಮೂಗಿನ ಹತ್ತಿರ ತಂದ ನಮ್ಮವರು ಅದನ್ನು ಕೆಳಗಿಟ್ಟು, "ನೀನೂ ಕುಡಿ. ನೀನು ಕುಡಿದ್ರೆ ನಾನೂ ಕುಡೀತೀನಿ" ಎಂದು ಪಣ ತೊಟ್ಟರು. ಪತಿವ್ರತಾಧರ್ಮದ ಪುರಾಣಗಳಲ್ಲಿ ಇಂಥ ಪರೀಕ್ಷೆ ಯಾರಿಗೂ ಬಂದದ್ದನ್ನು ನಾನು ಓದಿಲ್ಲ. ಕುಡಿದೆ. ಅಂದಿನಿಂದ ದಿನಾ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ನಾವಿಬ್ಬರೂ ಎದುರುಬದುರು ಕೂತು, ಅವರು ತಮ್ಮ ಹೃದಯದ ಮಾತ್ರೆಗಳನ್ನೂ, ನಾನು ಬಹಳ ವರ್ಷಗಳಿಂದ ನುಂಗುತ್ತ ಬಂದಿದ್ದ ನನ್ನ ಥೈರಾಯ್ಡ್ ಮಾತ್ರೆಯನ್ನೂ ಅದೇ ಸೋಯಾ ಹಾಲಿನ ಜೊತೆ ಇಳಿಸುವುದು ರೂಢಿಯಾಯಿತು. ಮೊದಲಾದರೆ ನಾನು ಎದ್ದ ಕೂಡಲೇ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಒಂದು ಗಂಟೆ ಕಾಫಿಗಾಗಿ ಚಡಪಡಿಸುತ್ತಿದ್ದೆ. ಈಗ ಆ ಚಡಪಡಿಕೆಯೂ ತಪ್ಪಿತು, ದಾಂಪತ್ಯದ ಸಾಮರಸ್ಯವೂ ಬೆಳೆಯಿತು ಎಂದು ಬೀಗಿದೆ.

ಕೆಲವು ತಿಂಗಳಲ್ಲಿ ನಮ್ಮವರು ಹೊಸ ಮನುಷ್ಯರಾದರು. ಹೊಟ್ಟೆ ಇಳಿಯಿತು, ಮುಖದ ಮೇಲೆ ಕಳೆ ಬಂತು. ರಕ್ತಪರೀಕ್ಷೆ ನೋಡಿ ಡಾಕ್ಟರು ಬೆನ್ನು ತಟ್ಟಿದರು. ಕೀರ್ತಿಯನ್ನೆಲ್ಲ ನಾನು ಮನಸ್ಸಿನಲ್ಲೇ ಸೋಯಾಕ್ಕೆ, ಸೋಯಾದ ಮೂಲಕ ನನಗೆ, ಅರ್ಪಿಸಿಕೊಂಡೆ.

ಆದರೆ ಅವರು ಏಳುತ್ತ ಹೋದಂತೆ ನಾನು ಇಳಿಯತೊಡಗಿದ್ದೆ. ಮೊದಲು ದಣಿವು. ಮಧ್ಯಾಹ್ನ ಪುಸ್ತಕ ಹಿಡಿದು ಕೂತರೆ ಪುಟ ತಿರುಗುವ ಮೊದಲೇ ಕಣ್ಣು ಮುಚ್ಚುತ್ತಿತ್ತು. ಶಿವಮೊಗ್ಗದ ಏಪ್ರಿಲ್ ಸೆಕೆಯಲ್ಲಿ ಓಣಿಯವರೆಲ್ಲ ಬೀಸಣಿಗೆ ಹಿಡಿದು ಜಗಲಿಗೆ ಬಂದರೆ ನಾನು ಸ್ವೆಟರ್ ಹುಡುಕುತ್ತಿದ್ದೆ. ಸಂಜೆಗೆ ಪಾದ ಊದುತ್ತಿತ್ತು, ತರಕಾರಿ ಚೀಲ ಹಿಡಿದು ನಡೆದರೆ ಉಸಿರು ಕಟ್ಟುತ್ತಿತ್ತು. ಎಲ್ಲಕ್ಕಿಂತ ಹೆದರಿಸಿದ್ದು ಮರೆವು: ಜೀವಮಾನವಿಡೀ ಶಬ್ದಗಳನ್ನೇ ನಂಬಿ ಬದುಕಿದವಳಿಗೆ ಒಂದು ದಿನ ಎದುರಿಗಿದ್ದ ಜಾಲರಿಗೆ 'ಜಾಲರಿ' ಎನ್ನುತ್ತಾರೆಂಬುದು ಹೊಳೆಯದೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಡಾಕ್ಟರು ಬರೆದ ಚಿತ್ರ ಕಣ್ಣ ಮುಂದಿತ್ತಲ್ಲ. ನನ್ನ ರೋಗವನ್ನು ನಾನೇ ನಿರ್ಣಯಿಸಿಕೊಂಡೆ. ನನ್ನ ರಕ್ತನಾಳಗಳೂ ಕಟ್ಟಿಕೊಳ್ಳುತ್ತಿವೆ, ಇಷ್ಟು ಸೋಯಾ ಕುಡಿದೂ ಹೀಗಾದರೆ ಕುಡಿಯದಿದ್ದರೆ ಇಷ್ಟು ಹೊತ್ತಿಗೆ ಕಥೆ ಮುಗಿಯುತ್ತಿತ್ತು ಎಂದುಕೊಂಡು ಸಂಜೆಗೂ ಒಂದು ಲೋಟ ಸೇರಿಸಿದೆ. ಅವರಿಗೆ ಹೇಳಲಿಲ್ಲ. ಈಗಷ್ಟೇ ರಿಪೇರಿಯಾಗಿ ಬಂದ ಹೃದಯದ ಮೇಲೆ ಈ ಭಾರವನ್ನು ಹೇರುವುದು ಹೇಗೆ? ನಮ್ಮ ತಾಯಿ ಹೃದಯದ ಕಾಯಿಲೆಯಲ್ಲೇ ಹೋದವರು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವರು ಹಾಗೇ ಒರಗಿದ್ದರು. ನನಗೆ ಸಾವಿನ ಭಯಕ್ಕಿಂತ ಮಿಗಿಲಾಗಿ ಕಾಡಿದ್ದು ಒಂದೇ ಚಿಂತೆ. ಈ ಮನುಷ್ಯನಿಗೆ ಅನ್ನ ಮಾಡಿಕೊಳ್ಳಲು ಬರುವುದಿಲ್ಲ.

ಹಾಗಾಗಿ ಒಂದು ದಿನ ಅವರನ್ನು ಒಲೆಯ ಮುಂದೆ ನಿಲ್ಲಿಸಿದೆ. ಕುಕ್ಕರಿಗೆ ಎಷ್ಟು ನೀರು, ಎಷ್ಟು ಕೂಗು, ಸಾರಿಗೆ ಹುಣಸೆಹಣ್ಣು ಯಾವಾಗ, ಒಗ್ಗರಣೆಗೆ ಸಾಸಿವೆ ಸಿಡಿದ ಮೇಲಷ್ಟೇ ಕರಿಬೇವು ಎಂದು ಪಾಠ ಶುರುವಾಯಿತು. ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಎಂಬಲ್ಲಿಂದ ಆರಂಭಿಸಬೇಕಾಯಿತು.

"ಈ ವಯಸ್ಸಲ್ಲಿ ಇದೆಲ್ಲ ಯಾಕೆ ಮಾರಾಯ್ತಿ?" ಎಂದರು ಅವರು, ಕಣ್ಣೀರು ಸುರಿಸುತ್ತ ಈರುಳ್ಳಿ ಹೆಚ್ಚುತ್ತಾ.

"ಕಲಿತಿಟ್ಕೊಳ್ಳಿ. ನಾನು ಅಕ್ಕನ ಮನೆಗೆ ಹೋದಾಗ ಬೇಕಾಗುತ್ತೆ."

"ನೀನು ಹೋದ್ರೆ ನಾನೂ ಬರ್ತೀನಿ. ಅಲ್ಲಿ ಅತ್ತಿಗೆ ಮಾಡಿ ಹಾಕ್ತಾರೆ."

ನಾನು ಒಲೆಯ ಉರಿ ಸಣ್ಣ ಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. ಅವರ ಮೊದಲ ಸಾರು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಚೆನ್ನಾಗಿದೆ ಎಂದು ಹೇಳಹೋದರೆ ನನ್ನ ಧ್ವನಿ ಒಡೆದ ಶಂಖದಂತೆ ಗೊರಗೊರ ಎಂದಿತು. ನೆಗಡಿಯೆಂದು ಸುಳ್ಳು ಹೇಳಿದೆ.

ಆ ಭಾನುವಾರ ಇಬ್ಬರೂ ಭದ್ರಾವತಿಗೆ ಅಕ್ಕನ ಮನೆಗೆ ಊಟಕ್ಕೆ ಹೋದೆವು. ಅವರು ಭಾವನ ಜೊತೆ ಪಡಸಾಲೆಯಲ್ಲಿ ಅಡಿಕೆ ರೇಟಿನ ಏರಿಳಿತದ ಬಗ್ಗೆ ಚಿಂತನ-ಮಂಥನಕ್ಕೆ ಕುಳಿತರು. ಅಕ್ಕ ಹಪ್ಪಳ ಒಣಹಾಕಲು ತಾರಸಿಗೆ ಹೊರಟಳು. ನಾನೂ ಹಿಂದೆಯೇ ಹೋದೆ. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ನನ್ನದಲ್ಲವೆಂಬಂತಾಗಿ ಅಲ್ಲೇ ಕೂತುಬಿಟ್ಟೆ. ಅಕ್ಕ ಹಪ್ಪಳದ ಮೊರವನ್ನು ಕೆಳಗಿಟ್ಟು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಗಿರಿಜಾ, ಕನ್ನಡೀಲಿ ಮುಖ ನೋಡ್ಕೊಂಡಿದ್ದೀಯೇನೇ? ಊದ್ಕೊಂಡಿದೆ. ಧ್ವನಿ ನೋಡಿದ್ರೆ ಗಂಡಸಿನ ಥರ ಆಗಿದೆ. ಏನಾಗ್ತಿದೆ ನಿಂಗೆ?"

ಅಷ್ಟು ಸಾಕಾಯಿತು. ತಿಂಗಳುಗಳಿಂದ ಕಟ್ಟಿಟ್ಟದ್ದೆಲ್ಲ ಹರಿದು ಬಂತು. "ಅಕ್ಕಾ, ಇವರಿಗೆ ಬಂದಿದ್ದೇ ನಂಗೂ ಬಂದಿದೆ ಅನ್ಸುತ್ತೆ. ಇವರಿಗೆ ಹೇಳ್ಬೇಡ. ಈಗಷ್ಟೇ ಚೇತರಿಸ್ಕೊಂಡಿದಾರೆ."

ಗುಟ್ಟು ಕಾಯುವುದು ಅಕ್ಕನ ಜಾಯಮಾನದಲ್ಲಿಲ್ಲ. ಮೆಟ್ಟಿಲ ಮೇಲಿಂದಲೇ ಓಲ್ಡ್ ಟೌನಿಗೆಲ್ಲ ಕೇಳುವಂತೆ, "ಚಂದ್ರಶೇಖರಪ್ನೋರೇ, ಸ್ವಲ್ಪ ಮೇಲೆ ಬನ್ನಿ!" ಎಂದು ಕೂಗಿದಳು.

ಆ ಕೂಗಿಗೆ ಅವರು ಒಂದೊಂದು ಮೆಟ್ಟಿಲು ಬಿಟ್ಟು ಹಾರುತ್ತ ಬಂದರು. ಅಷ್ಟು ಸಂಕಟದಲ್ಲೂ ನನ್ನ ಬಾಯಿಂದ "ನಿಧಾನ ರೀ, ನಿಧಾನ" ಎಂದೇ ಬಂತು. ಅಕ್ಕ ಎಲ್ಲವನ್ನೂ ಹೇಳಿದಳು. ಕೇಳಿ ಮುಗಿದ ಮೇಲೆ ಅವರು ನನ್ನ ಕೆಳಗಿನ ಮೆಟ್ಟಿಲ ಮೇಲೆ ಕೂತು ಕೇಳಿದರು:

"ಅದಕ್ಕೇ ನಂಗೆ ಸಾರು ಮಾಡೋದು ಕಲಿಸಿದ್ಯಾ?"

ನಾನು ತಲೆಯಾಡಿಸಿದೆ.

"ನಾನೆಲ್ಲೋ ನಿಂಗೆ ನನ್ನ ಚಾಕರಿ ಮಾಡಿ ಬೇಜಾರಾಗಿದೆ ಅಂದ್ಕೊಂಡಿದ್ದೆ" ಎಂದರು, ಬಹಳ ಮೆಲ್ಲಗೆ. ಅಂದಿನ ಊಟ ಯಾರಿಗೂ ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಆಸ್ಪತ್ರೆ, ಅದೇ ಡಾಕ್ಟರು. ಕುರ್ಚಿಗಳು ಮಾತ್ರ ಅದಲುಬದಲು. ಇಸಿಜಿ ಆಯಿತು, ಎಕೋ ಆಯಿತು, ತೋಳಿನಿಂದ ರಕ್ತ ತೆಗೆದರು. ಹೃದಯ ಚೆನ್ನಾಗೇ ಕೆಲಸ ಮಾಡುತ್ತಿದೆ, ಬಡಿತ ಮಾತ್ರ ನಿಧಾನ ಎಂದರು. ಮಧ್ಯಾಹ್ನದ ಹೊತ್ತಿಗೆ ಕೊಲೆಸ್ಟ್ರಾಲ್ ಎಷ್ಟೆಂದು ತಿಳಿಯಿತು. ಹಿಂದೆಂದೂ ಇಲ್ಲದಷ್ಟು ಏರಿತ್ತು, ಸ್ಟೆಂಟ್ ಹಾಕುವ ಮೊದಲು ನಮ್ಮವರಿಗಿದ್ದದ್ದಕ್ಕಿಂತ ಹೆಚ್ಚು. ಬೋಂಡಾ ತಿಂದವರು ಒಬ್ಬರು, ಫಲ ಇನ್ನೊಬ್ಬರಿಗೆ! ಇನ್ನೂ ಒಂದು ಪರೀಕ್ಷೆಯ ಫಲಿತಾಂಶ ಸಂಜೆಗೆ ಬರುತ್ತದೆ, ಕಾಯಿರಿ ಎಂದರು. ಮೊಗಸಾಲೆಯ ಬೆಂಚಿನ ಮೇಲೆ ಕಾದೆವು. ಅವರು ಕ್ಯಾಂಟೀನಿನಿಂದ ಇಡ್ಲಿ ತಂದು, ಚಮಚದಲ್ಲಿ ಮುರಿದು ನನ್ನ ಕೈಗಿಟ್ಟರು. "ಹೆದರ್ಬೇಡ. ನಂಗೆ ಹಾಕಿದಾಗ ಏನೂ ನೋವಾಗ್ಲಿಲ್ಲ. ಮಣಿಕಟ್ಟಿನ ಹತ್ರ ಒಂಚೂರು ಚುಚ್ಚಿದ ಹಾಗೆ, ಅಷ್ಟೇ" ಎಂದು ಸ್ಟೆಂಟಿನ ಬಗ್ಗೆ ಧೈರ್ಯ ಹೇಳುತ್ತ ಚಟ್ನಿಯ ಬಟ್ಟಲನ್ನು ನನ್ನತ್ತ ಸರಿಸಿದರು.

ಸಂಜೆ ಒಳಗೆ ಕರೆದರು. ಡಾಕ್ಟರು ವರದಿ ನೋಡಿ, ನನ್ನ ಮುಖ ನೋಡಿ, "ಥೈರಾಯ್ಡ್ ಮಾತ್ರೆ ಯಾವಾಗ ಬಿಟ್ರಿ ಮೇಡಂ?" ಎಂದು ಕೇಳಿದರು.

"ಬಿಟ್ಟಿಲ್ಲ. ಒಂದು ದಿನಾನೂ ತಪ್ಪಿಸಿಲ್ಲ."

"ದೇಹಕ್ಕೆ ಅದು ಸಿಕ್ತಾನೇ ಇಲ್ವಲ್ಲ. ಹೇಗೆ ತಗೋತೀರಿ? ಬೆಳಿಗ್ಗೆ, ಬರೀ ಹೊಟ್ಟೇಲಿ, ನೀರಿನ ಜೊತೆ ತಾನೇ?"

"ಬೆಳಿಗ್ಗೇನೇ. ಬರೀ ಹೊಟ್ಟೇಲೇ. ಆದರೆ ನೀರಲ್ಲ..." ಎಂದು ನಾನು ರಾಗ ಎಳೆದೆ. "ಸೋಯಾ ಹಾಲು."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ನಗು ತಡೆಯಲಾರದೆ ನಕ್ಕುಬಿಟ್ಟರು. "ಸೋಯಾ ಹೇಳಿದ್ದು ಇವರಿಗಲ್ವಾ ಮೇಡಂ? ನಿಮಗ್ಯಾರು ಹೇಳಿದ್ರು?"

"ಇವಳು ಕುಡಿದ್ರೆ ಮಾತ್ರ ನಾನು ಕುಡೀತೀನಿ ಅಂತ ನಾನೇ ಹಟ ಹಿಡಿದಿದ್ದೆ" ಎಂದರು ನಮ್ಮವರು, ಹೆಡ್‌ಮಾಸ್ಟರ ಮುಂದೆ ನಿಂತ ದನಿಯಲ್ಲಿ.

ಡಾಕ್ಟರು ಬಿಡಿಸಿ ಹೇಳಿದರು. ಸೋಯಾ ಈ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳಬಹುದು, ರಕ್ತಕ್ಕೆ ಸರಿಯಾಗಿ ಸೇರಗೊಡುವುದಿಲ್ಲ. ಮಾತ್ರೆ ನುಂಗಿದರೂ ನುಂಗದಂತೆ ಆಗಿ ದೇಹವೆಲ್ಲ ಮಂದವಾಗುತ್ತದೆ: ದಣಿವು, ಚಳಿ, ಊತ, ಗೊಗ್ಗರು ಧ್ವನಿ, ಮರೆವು ಎಲ್ಲ ಅದರದ್ದೇ. ಕೊಲೆಸ್ಟ್ರಾಲ್ ಏರಿದ್ದೂ ಅದರಿಂದಲೇ ಇರಬೇಕು, ಥೈರಾಯ್ಡ್ ಹತೋಟಿಗೆ ಬಂದರೆ ಅದೂ ಇಳಿಯುತ್ತದೆ. ರಕ್ತನಾಳವನ್ನು ಕಾಪಾಡಲೆಂದು ಕುಡಿದ ಹಾಲಿನಿಂದ ರಕ್ತನಾಳಕ್ಕೆ ಬೇಡವಾದದ್ದನ್ನೇ ನಾನು ಸಂಪಾದಿಸಿಕೊಂಡಿದ್ದೆ.

"ಹಾಗಾದ್ರೆ ಇವಳಿಗೆ ಸ್ಟೆಂಟು?" ಎಂದರು ನಮ್ಮವರು. ಅವರ ಕಿವಿಗೆ ಬೇರೇನೂ ಬಿದ್ದಿರಲಿಲ್ಲ.

"ಯಾವ ಸ್ಟೆಂಟೂ ಬೇಡ ಸಾರ್. ಹೃದಯ ಸರಿಯಾಗಿದೆ. ಮಾತ್ರೆ ಎದ್ದ ಕೂಡಲೇ ನೀರಿನಲ್ಲಿ ತಗೊಳ್ಳಿ. ಸೋಯಾ ಬೇಕಾದ್ರೆ ತಿನ್ನಿ, ಆದರೆ ನಾಲ್ಕು ಗಂಟೆ ಬಿಟ್ಟು, ಮಧ್ಯಾಹ್ನದ ಊಟಕ್ಕೆ. ಸೋಯಾದ ತಪ್ಪಲ್ಲ ಮೇಡಂ, ಹೊತ್ತಿನ ತಪ್ಪು." ಪೆನ್ನನ್ನು ಮತ್ತೆ ಕೈಗೆತ್ತಿಕೊಂಡು, "ಇನ್ನೊಂದು. ಸಾರ್ ಚೇತರಿಸ್ಕೊಂಡಿದ್ದು ಬರೀ ಸೋಯಾದಿಂದಲ್ಲ. ಮಾತ್ರೆ, ನಡಿಗೆ, ಪಥ್ಯ, ಎಲ್ಲ ಸೇರಿ. ಅದರಲ್ಲಿ ಸೋಯಾದ್ದೂ ಒಂದು ಸಣ್ಣ ಪಾಲು" ಎಂದು ನನ್ನ ಕಿರೀಟವನ್ನು ಮೆಲ್ಲಗೆ ಕೆಳಗಿಳಿಸಿದರು. ಅಷ್ಟು ಸಂತೋಷದಿಂದ ನಾನು ಯಾವ ಕಿರೀಟವನ್ನೂ ಕಳೆದುಕೊಂಡಿರಲಿಲ್ಲ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ವಾರಗಳು ಕಳೆದಂತೆ ಸ್ವೆಟರ್ ಬೀರು ಸೇರಿತು, ಪಾದಕ್ಕೆ ಹಳೆಯ ಚಪ್ಪಲಿ ಹಿಡಿಯಿತು, ಧ್ವನಿ ಹೆಂಗಸಿನದಾಯಿತು, ಶಬ್ದಗಳು ಒಂದೊಂದಾಗಿ ಮನೆಗೆ ಹಿಂದಿರುಗಿದವು. ಮರುಪರೀಕ್ಷೆಯಲ್ಲಿ ಥೈರಾಯ್ಡ್, ಕೊಲೆಸ್ಟ್ರಾಲ್ ಎರಡರ ಅಂಕಿಗಳೂ ಮರ್ಯಾದೆಯಾಗಿ ತಮ್ಮ ಸ್ಥಾನದಲ್ಲಿ ಕುಳಿತಿದ್ದವು. ಆದರೆ ನನಗೆ ನಿಜವಾದ ನೆಮ್ಮದಿ ಸಿಕ್ಕಿದ್ದು ಆ ಮರುಪರೀಕ್ಷೆಯ ದಿನವಲ್ಲ. ಡಾಕ್ಟರು ನಕ್ಕ ಆ ಮೊದಲ ಸಂಜೆ, ಮನೆಗೆ ಹಿಂದಿರುಗುವ ಆಟೋದಲ್ಲಿ.

ಆಟೋ ಹತ್ತಿದ ಮೇಲೆ ನಮ್ಮವರು ಅಕ್ಕನಿಗೆ ಫೋನು ಮಾಡಿ "ಅತ್ತಿಗೆ, ಏನೂ ಇಲ್ವಂತೆ" ಎಂದವರೇ ಫೋನನ್ನು ನನ್ನ ಕೈಗೆ ತುರುಕಿದರು. ನಾನು ಮಾತು ಮುಗಿಸಿ ಫೋನನ್ನು ಚೀಲಕ್ಕೆ ಹಾಕಿದೊಡನೆ ಅವರು ಸಿಡಿದರು.

"ಇಷ್ಟು ತಿಂಗಳು ಬಾಯಿ ಮುಚ್ಕೊಂಡಿದ್ಯಲ್ಲ, ನಿಂಗೆ ಬುದ್ಧಿ ಇದ್ಯಾ? ನಾನೇನು ಗಾಜಿನ ಗೊಂಬೆನಾ, ಮುಟ್ಟಿದ್ರೆ ಒಡೆಯೋಕೆ?"

"ಮತ್ತೆ ಗೊಬ್ಬರದ ಚೀಲ ಎಳೆಯೋಕೆ ಹೋದವರು ಯಾರು? ನಾನಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನನ್ನ ಮುಖ ಊದಿದ್ದು ಭದ್ರಾವತೀಲಿರೋ ಅಕ್ಕನಿಗೆ ಕಾಣುತ್ತೆ, ದಿನಾ ಎದುರು ಕೂತು ಹಾಲು ಕುಡಿಯೋ ನಿಮಗೆ ಕಾಣಲ್ವಾ?"

ಮಾತಿಗೆ ಮಾತು ಬೆಳೆಯಿತು. ಅವರ ತಮ್ಮನ ಮದುವೆಯಲ್ಲಿ ನನ್ನ ತವರಿನವರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕದಿದ್ದದ್ದೂ ಬಂತು, ನಾನು ಅವರ ಹಳೆಯ ರೇಡಿಯೋವನ್ನು ಗುಜರಿಗೆ ಹಾಕಿದ್ದೂ ಬಂತು. ಅವರ ಧ್ವನಿ ಏರಿತು, ನನ್ನ ಗೊಗ್ಗರು ಧ್ವನಿಯೂ ಅದರ ಬೆನ್ನು ಹತ್ತಿತು. ನಡುವೆ ಎಲ್ಲೋ ನನಗೆ ತಟ್ಟನೆ ಹೊಳೆಯಿತು: ಅವರಿಗೆ ಸ್ಟೆಂಟ್ ಹಾಕಿದಂದಿನಿಂದ ನಾವು ಒಂದು ಸಲವೂ ಜಗಳವಾಡಿರಲಿಲ್ಲ. ಅವರ ಎದೆ ಎಲ್ಲಿ ನೊಂದೀತೋ ಎಂದು ನಾನು, ನನಗೆ ಎಲ್ಲಿ ಬೇಸರವಾದೀತೋ ಎಂದು ಅವರು, ಬಂದ ಅತಿಥಿಗಳ ಹಾಗೆ ಒಬ್ಬರಿಗೊಬ್ಬರು ಉಪಚಾರ ಮಾಡಿಕೊಂಡು, ಮೆತ್ತಗೆ ಮಾತಾಡಿಕೊಂಡು, ಅದೇ ಮನೆಯಲ್ಲಿ ಎಷ್ಟು ದೂರ ಕೂತಿದ್ದೆವು! ಈಗ ಅವರು ಕೈ ಬೀಸಿ ಬೈಯುತ್ತಿದ್ದರು, ನಾನು ಒಂದಕ್ಕೆರಡು ಕೊಡುತ್ತಿದ್ದೆ. ಇಬ್ಬರ ಎದೆಯೂ ಗಟ್ಟಿಯಾಗಿ ಬಡಿಯುತ್ತಿತ್ತು, ಇಬ್ಬರಿಗೂ ಏನೂ ಆಗುತ್ತಿರಲಿಲ್ಲ.

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ, ಹೆದರುತ್ತಲೇ ಕೇಳಿದ: "ಸಾರ್, ಹೊಸಮನೆ ದಾಟಿ ಆಗ್ಲೇ ಆಲ್ಕೊಳ ಸರ್ಕಲ್ ಬಂತು. ಎಲ್ಲಿ ನಿಲ್ಲಿಸ್ಲಿ?"

"ಮೊದಲೇ ಹೇಳ್ಬಾರ್ದೇನಪ್ಪಾ?" ಎಂದು ನಾವಿಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯ್ದೆವು. ಬಹಳ ದಿನಗಳ ಮೇಲೆ ನಾವಿಬ್ಬರೂ ಒಂದೇ ದನಿಯಲ್ಲಿ ಆಡಿದ ಮಾತು ಅದು.